ಭಂಡಾರ ಮುಟ್ಟಿದವರು

ಶಾಸಕರ ಭವನ, ಬೆಂಗಳೂರು
೫ ನವೆಂಬರ್ ೧೯೮೬

ಚಿ. ಸೌ. ಸಾವಂತ್ರೆವ್ವನಿಗೆ ಶಂಭುಲಿಂಗಪ್ಪನ ಆಶೀರ್ವಾದ.

ಹಬ್ಬಕ್ಕೆ ಅಣ್ಣಿಗೇರಿಯ ಮನೆಗೆ ಬಂದಿದ್ದರೂ ನಿಮ್ಮ ಕರೆಕಟ್ಟಿಯವರೆಗೆ ಬರಲಾಗಲಿಲ್ಲ, ತಂಗೆವ್ವಾ. ಅಂಗಳದ ತುಂಬ ಜನ. ಒಬ್ಬನಿಗೆ ವರ್ಗಾವಣೆ ಬೇಕು, ಇನ್ನೊಬ್ಬನಿಗೆ ರೇಶನ್ ಅಂಗಡಿ ಬೇಕು, ಮತ್ತೊಬ್ಬನಿಗೆ ಏನು ಬೇಕೆಂದು ಅವನಿಗೇ ಗೊತ್ತಿಲ್ಲ. ನಿನ್ನ ಅತ್ತಿಗೆ ಗುರವ್ವ ನನಗೆಂದು ಹೋಳಿಗೆ ಬಿಸಿ ಮಾಡಿ ಮಾಡಿ ತಂದಳು. ಕೊನೆಗೆ ಅದನ್ನು ಯಾರೋ ಗುತ್ತಿಗೆದಾರ ತಿಂದು ಹೋದ.

ಈಗ ಸುದ್ದಿಗೆ ಬರುತ್ತೇನೆ. ಮಂಡಲ ಪಂಚಾಯತಿಯ ಚುನಾವಣೆ ಜನವರಿಯಲ್ಲಿ ನಡೆಯುವುದು ಬಹುತೇಕ ಖಾತ್ರಿ. ನಾಲ್ಕರಲ್ಲಿ ಒಂದು ಸ್ಥಾನ ಹೆಂಗಸರಿಗೆ. ಈ ಕಾಯ್ದೆಗೆ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಹಿಂದಿನ ಬೆಂಚಿನಲ್ಲಿ ಕೂತಿದ್ದರೂ ಎರಡೂ ಕೈ ಎತ್ತುವಷ್ಟು ಹುರುಪಿತ್ತು. ಕರೆಕಟ್ಟಿಯಿಂದ ಆರಿಸಿ ಬರಬೇಕಾದವರಲ್ಲಿ ಒಬ್ಬಳು ಹೆಂಗಸು. ಪಕ್ಷದ ಜಿಲ್ಲಾ ಸಮಿತಿಯಲ್ಲಿ ನಾನೇ ಮೊದಲು ನಿನ್ನ ಹೆಸರು ಹೇಳಿದೆ. ಯಾರೂ ಅಡ್ಡ ಮಾತಾಡಲಿಲ್ಲ.

ಕಳೆದ ಚುನಾವಣೆಯಲ್ಲಿ ನೀನು, ಬೀರಲಿಂಗಪ್ಪ, ನಿಮ್ಮ ಕೆಳಗಿನ ಓಣಿಯ ಹುಡುಗರು ನನಗಾಗಿ ಎಷ್ಟು ಓಡಾಡಿದಿರಿ ಎಂಬುದನ್ನು ನಾನು ಮರೆತಿಲ್ಲ. ಹೊಲಮನೆಯ ಕುಳವಾದ ನನ್ನನ್ನು ಕೂಲಿಕಾರರ ಓಣಿಗೆ ಕರೆದೊಯ್ದು, "ಈ ಅಣ್ಣಾ ನಮ್ಮಾಂವ" ಎಂದು ನೀನು ಅಂದದ್ದಕ್ಕೇ ಅಲ್ಲಿ ನನಗೆ ಮತ ಬಿದ್ದದ್ದು. ಒಂದೇ ಮಾತು: ಊರ ಹಿರಿಯರನ್ನು ಎದುರು ಹಾಕಿಕೊಳ್ಳಬೇಡ. ಎಲ್ಲರನ್ನೂ ಕೂಡಿಸಿಕೊಂಡು ಹೋಗು. ನಡುವೆ ನಿಂತವನಿಗೆ ಎರಡೂ ಕಡೆ ಕಾಣುತ್ತದೆ ಎಂದು ನಾನು ಭಾಷಣದಲ್ಲಿ ಹೇಳುತ್ತಿರುತ್ತೇನಲ್ಲ, ಅದು ಬರೀ ಭಾಷಣವಲ್ಲ.

ಶಂಭುಲಿಂಗಪ್ಪ


ಕರೆಕಟ್ಟಿ, ತಾ. ಕುಂದಗೋಳ
೧೫ ನವೆಂಬರ್ ೧೯೮೬

ಪೂಜ್ಯ ಅಣ್ಣನವರಿಗೆ ಸಾವಂತ್ರೆವ್ವನ ನಮಸ್ಕಾರ.

ನಿಮ್ಮ ಕಾಗದ ಮುಟ್ಟಿತು, ಎರಡು ಸಲ ಓದಿದೆ. ಆಮೇಲೆ ಓಣಿಗೆಲ್ಲ ಓದಿ ಹೇಳಿದೆ. ನನ್ನ ಅತ್ತೆ ಕೆಂಚವ್ವ, "ಸ್ಥಾನ ಅಂದ್ರ ಕುರ್ಚಿ ಏನಬೇ?" ಎಂದು ಕೇಳಿದಳು. ಹೌದು ಎಂದೆ. "ಹಂಗಾರ ನೀ ಹೋಗಿ ಕುಂದರು. ರೊಟ್ಟಿ ನಾ ಬಡೀತೇನಿ" ಎಂದಳು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅತ್ತೆಯ ಬಾಯಿಂದ ಇಂಥ ಮಾತು ಕೇಳಿರಲಿಲ್ಲ. ನಮ್ಮ ಮನೆಯವರು ಕುರಿ ಹೊಡೆದುಕೊಂಡು ಬಮ್ಮಿಗಟ್ಟಿ ಕಡೆ ಹೋಗಿದ್ದಾರೆ. ಅವರಿಗೂ ಹೇಳಿ ಕಳಿಸಿದ್ದೇನೆ.

ಆರಿಸಿ ಬಂದರೆ ನನಗೆ ಬೇಕಾದದ್ದು ಒಂದೇ, ನಮ್ಮ ಓಣಿಗೆ ನಳ. ನೀವೇ ನೋಡಿದ್ದೀರಿ. ನೀರಿನ ಟಾಕಿ ಮೇಲಿನ ಓಣಿಯಲ್ಲಿದೆ, ನಳವೂ ಅಲ್ಲೇ. ಅವರ ಕೊಡಗಳೆಲ್ಲ ತುಂಬುವವರೆಗೆ ನಾವು ಕಟ್ಟೆಯ ಕೆಳಗೆ ನಿಂತಿರಬೇಕು. ನಮ್ಮ ಪಾಳಿ ಬರುವಾಗ ಒಮ್ಮೊಮ್ಮೆ ನೀರೇ ನಿಂತುಹೋಗಿರುತ್ತದೆ, ಕೂಲಿಗೆ ಹೊತ್ತಾಗಿರುತ್ತದೆ. ಪೈಪು ನಮ್ಮ ಕಡೆ ಬರಬೇಕಾದರೆ ಕುಬೇರಪ್ಪ ಗೌಡರ ಹಿತ್ತಲಿನಲ್ಲಿ ಹಾದು ಬರಬೇಕು. ಬೇರೆ ದಾರಿ ಇಲ್ಲವೆಂದು ಎಂಜಿನಿಯರ್ ಸಾಹೇಬರು ನೋಡಿ ಹೇಳಿ ಹೋಗಿ ವರ್ಷವಾಯಿತು. ಗೌಡರು ಹೂಂ ಅನ್ನುವುದಿಲ್ಲ. ಪಂಚಾಯತಿಯಲ್ಲಿ ಕೂತರೆ ಕೇಳುವುದಕ್ಕೆ ನಮಗೆ ಒಂದು ಬಾಯಿಯಾದರೂ ಇರುತ್ತದೆ.

ಗೌಡರಿಗೆ ನನ್ನ ಹೆಸರಿನ ಸುದ್ದಿ ಮುಟ್ಟಿದೆ. ಅವರು ನಿಮ್ಮ ಬೀಗರು, ಹೆಚ್ಚು ಬರೆಯುವುದು ಚೆಂದವಲ್ಲ. ತಮ್ಮನ ಹೆಂಡತಿ ಸುಶೀಲವ್ವನನ್ನು ನಿಲ್ಲಿಸಬೇಕೆಂದು ಅವರ ಕಟ್ಟೆಯ ಮೇಲೆ ಮಾತು ನಡೆದಿದೆಯಂತೆ. ಸುಶೀಲವ್ವ ಒಳ್ಳೆಯವಳು. ಆದರೆ ಅವಳು ಒಬ್ಬಳೇ ಊರ ಅಗಸಿ ದಾಟಿದ್ದನ್ನು ನಾನು ನೋಡಿಲ್ಲ. ಅವಳ ಹೆಸರಿನಲ್ಲಿ ಅವಳ ಗಂಡ ಹೋಗಿ ಕೂಡುತ್ತಾನೆ. ನೀವು ಎತ್ತಿದ ಎರಡೂ ಕೈ ಅದಕ್ಕಾಗಿ ಎತ್ತಿದ್ದಲ್ಲ ಎಂದುಕೊಂಡಿದ್ದೇನೆ.

ನಿಮ್ಮ ತಂಗಿ
ಸಾವಂತ್ರೆವ್ವ


ಬೆಂಗಳೂರು
೨೭ ನವೆಂಬರ್ ೧೯೮೬

ಚಿ. ಸೌ. ಸಾವಂತ್ರೆವ್ವನಿಗೆ ಆಶೀರ್ವಾದ.

ಕುಬೇರಪ್ಪನವರು ಇಲ್ಲಿಗೆ ಬಂದು ನನ್ನ ಕೋಣೆಯಲ್ಲೇ ಇಳಿದುಕೊಂಡಿದ್ದರು. ನೀನು ತಿಳಿದಷ್ಟು ಕಠಿಣ ಮನುಷ್ಯನಲ್ಲ. ಊರಿನ ವಿಷಯ ತಮಗೆ ಕಡೆಗೆ ತಿಳಿಯಿತೆಂಬ ನೋವು ಅವರಿಗೆ. ಕಾಗದವನ್ನು ಓಣಿಗೆಲ್ಲ ಓದಿ ಹೇಳು ಎಂದು ನಾನೂ ಬರೆದಿರಲಿಲ್ಲ, ನೋಡು.

ಬೀರಲಿಂಗಪ್ಪನ ಹುಡುಗರು ಸಂಶಿಯ ಬಸ್ ನಿಲ್ದಾಣದಲ್ಲಿ ನನ್ನನ್ನು "ಗೌಡ್ರ ಶಾಸಕ" ಎಂದು ಆಡಿಕೊಂಡರಂತೆ. ಭೂಸುಧಾರಣೆಯ ಕಾಲದಲ್ಲಿ ನಮ್ಮ ಮನೆಯ ಹೊಲ ಗೇಣಿದಾರರಿಗೆ ಹೋಯಿತು. ನಾನು ವಕೀಲನನ್ನು ಹಿಡಿಯಲಿಲ್ಲ, ಅದಕ್ಕಾಗಿ ನಮ್ಮಪ್ಪ ಸಾಯುವವರೆಗೆ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಗ ಈ ಹುಡುಗರು ಗೋಲಿ ಆಡುತ್ತಿದ್ದರು. ಇತ್ತ ಗೌಡರ ಕಡೆಯವರಿಗೆ ನಾನು ಕೂಲಿಕಾರರಿಗೆ ಮಾರಿಕೊಂಡವನು. ಎರಡೂ ಕಡೆ ಬೈಸಿಕೊಳ್ಳಲೆಂದೇ ಸರಕಾರ ನನಗೆ ಭತ್ಯೆ ಕೊಡುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ನನ್ನ ಮನಸ್ಸಿನಲ್ಲಿ ಒಂದು ವಿಚಾರವಿದೆ. ಕರೆಕಟ್ಟಿಯಲ್ಲಿ ಚುನಾವಣೆಯೇ ಬೇಡ, ಅವಿರೋಧವಾಗಿ ಆಯ್ಕೆಯಾಗಲಿ. ಹೊತ್ತು ಮುಳುಗಿದರೆ ಒಂದೇ ಊರಿನಲ್ಲಿ ದೀಪ ಹಚ್ಚುವವರು ಒಬ್ಬರ ಮೇಲೊಬ್ಬರು ಗೋಡೆ ಬರೆಯುವುದು ನನಗೆ ಸೇರುವುದಿಲ್ಲ. ನಾನೇ ಬಂದು ಎರಡೂ ಓಣಿಯವರನ್ನು ಕೂಡಿಸುತ್ತೇನೆ. ಹೆಸರಿನ ಮಾತು ಆಗ ಆಡೋಣ. ಅಲ್ಲಿಯವರೆಗೆ ಗೋಡೆಗೆ ಬಣ್ಣ ಹಚ್ಚಬೇಡಿರಿ ಎಂದು ಹುಡುಗರಿಗೆ ಹೇಳು.

ಜಿಲ್ಲಾ ಪರಿಷತ್ತಿನ ಚುನಾವಣೆಯೂ ಜೊತೆಗೇ ಬರುತ್ತದೆ. ಅದರ ಬಗ್ಗೆ ಇನ್ನೂ ಏನೂ ನಿಶ್ಚಯವಾಗಿಲ್ಲ.

ಶಂಭುಲಿಂಗಪ್ಪ


ಕರೆಕಟ್ಟಿ
೬ ಡಿಸೆಂಬರ್ ೧೯೮೬

ಪೂಜ್ಯ ಅಣ್ಣನವರಿಗೆ ನಮಸ್ಕಾರ.

"ಹೆಸರಿನ ಮಾತು ಆಗ ಆಡೋಣ" ಎಂದು ಬರೆದಿದ್ದೀರಿ. ಮೊದಲ ಕಾಗದದಲ್ಲಿ ಹೆಸರು ಹೇಳಿಯಾಗಿತ್ತು. ಬೀರಲಿಂಗಪ್ಪ ಆ ಸಾಲಿನ ಮೇಲೆ ಬೆರಳಿಟ್ಟು, "ಅಣ್ಣಾ ಜಾರಾಕತ್ತಾನ ನೋಡಕ್ಕಾ" ಎಂದ. ನಾನು ಅವನಿಗೆ ಬೈದೆ. ಓದು ಬರದವರ ಮುಂದೆ ಹಾಗೆ ಬೆರಳಿಡಬೇಡ, ಅಣ್ಣ ದೊಡ್ಡ ಮನಸ್ಸಿನವನು, ಬಂದು ನಮ್ಮ ಪರವಾಗಿಯೇ ಮಾತಾಡುತ್ತಾನೆ ಎಂದೆ. ಬಣ್ಣದ ಡಬ್ಬಿಯನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ನಿಮ್ಮ ಮಾತು ಮೀರಿಲ್ಲ.

ಆದರೆ ನಡುವೆ ನಿಲ್ಲುತ್ತೇನೆ ಎಂದು ನೀವು ಬರೆದಾಗಲೆಲ್ಲ ನನಗೆ ನಮ್ಮೂರು ಕಣ್ಣ ಮುಂದೆ ಬರುತ್ತದೆ. ನಮ್ಮೂರ ನಡುವೆ ಇರುವುದು ಕುಬೇರಪ್ಪ ಗೌಡರ ಮನೆ. ನಡುವೆ ನಿಲ್ಲಲು ಬಂದವರೆಲ್ಲ ಅವರ ಕಟ್ಟೆಯ ಮೇಲೆಯೇ ಕೂಡುತ್ತಾರೆ. ಅದಕ್ಕೇ ಕೇಳಿಕೊಳ್ಳುತ್ತೇನೆ. ಬರುವಾಗ ಮೊದಲು ನಮ್ಮ ಓಣಿಗೆ ಬನ್ನಿರಿ, ಚಹ ಕುಡಿಯಿರಿ, ಆಮೇಲೆ ಅತ್ತ ಹೋಗಿರಿ. ಸಭೆ ಗೌಡರ ಕಟ್ಟೆಯಲ್ಲಿ ಬೇಡ, ನಮ್ಮ ಬೀರಪ್ಪನ ಗುಡಿಯ ಮುಂದೆ ಆಗಲಿ.

ಈ ಸಲ ನಮ್ಮ ಓಣಿಯವರಿಗೆ ಮೆಣಸಿನಕಾಯಿ ಬಿಡಿಸುವ ಕೆಲಸ ಕಡಿಮೆ. ಇರಲಿ, ಅದು ಬೇರೆ ಮಾತು.

ಸಾವಂತ್ರೆವ್ವ


ಬೆಂಗಳೂರು
೧೮ ಡಿಸೆಂಬರ್ ೧೯೮೬

ಚಿ. ಸೌ. ಸಾವಂತ್ರೆವ್ವನಿಗೆ ಆಶೀರ್ವಾದ.

ಭಾನುವಾರದ ಸಭೆ ಮುಗಿಸಿ ಹುಬ್ಬಳ್ಳಿಯಲ್ಲಿ ರೈಲು ಹತ್ತಿದವನು ಬೆಂಗಳೂರಿನವರೆಗೆ ನಿಶ್ಚಿಂತೆಯಿಂದ ನಿದ್ದೆ ಮಾಡಿದೆ. ಎಷ್ಟೋ ದಿನಗಳ ಮೇಲೆ ಅಂಥ ನಿದ್ದೆ ಬಂತು. ನಿನ್ನ ಮಾತಿನಂತೆ ಮೊದಲು ನಿಮ್ಮ ಓಣಿಗೇ ಬಂದೆ. ಕೆಂಚವ್ವನ ಚಹದಲ್ಲಿ ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು, ಇರಲಿ, ಪ್ರೀತಿ ಹೆಚ್ಚು ಎಂದು ತಿಳಿದೆ.

ಆದ ಮಾತು ಯಾರಿಗೂ ಮರೆಯಬಾರದೆಂದು ಇಲ್ಲಿ ಬರೆಯುತ್ತೇನೆ. ಈ ಸಲ ಹೆಂಗಸರ ಸ್ಥಾನಕ್ಕೆ ಸುಶೀಲವ್ವ ಅವಿರೋಧವಾಗಿ ಹೋಗುವುದು. ನಿಮ್ಮ ಓಣಿಯವರು ಯಾರೂ ಎದುರು ನಿಲ್ಲಬಾರದು. ಕುಬೇರಪ್ಪನವರು ತಮ್ಮ ಹಿತ್ತಲಿನಲ್ಲಿ ಪೈಪು ಹಾಯಲು ಬಿಡುವುದು. ಮುಂದಿನ ಸಲ ಸ್ಥಾನ ನಿನಗೆ. ಗೌಡರು ಮಾತು ಕೊಟ್ಟರು, ನೀವು ಬೀರಪ್ಪನ ಅರಿಶಿನ ಭಂಡಾರ ಮುಟ್ಟಿ ಆಣೆ ಮಾಡಿದಿರಿ, ಅಲ್ಲಿಗೆ ಎಲ್ಲ ಸುಸೂತ್ರವಾಯಿತು. ನಿನಗೆ ಬೇಕಾದದ್ದು ನಳವಲ್ಲವೇ? ಕುರ್ಚಿಯಿಲ್ಲದೆಯೇ ಅದು ಬಂತು.

ನೀನು ಭಂಡಾರ ಮುಟ್ಟುವಾಗ ನಿನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿದೆ. ನನಗೂ ಎದೆ ತುಂಬಿ ಬಂತು. ಒಡೆಯಬೇಕಾದ ಊರು ಕೂಡಿದಾಗ ಯಾರಿಗಾದರೂ ಹಾಗಾಗುತ್ತದೆ.

ಮೆಣಸಿನಕಾಯಿ ಕೆಲಸ ಕಡಿಮೆ ಎಂದು ನೀನು ಬರೆದಿದ್ದೆ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಜಿಲ್ಲಾ ಪರಿಷತ್ತಿನ ಪ್ರಚಾರಕ್ಕೆ ನಿಮಗೆಲ್ಲ ಬಿಡುವು ಸಿಗುತ್ತದೆ.

ಶಂಭುಲಿಂಗಪ್ಪ


ಅಣ್ಣಿಗೇರಿ
೩ ಜನವರಿ ೧೯೮೭

ಸಾವಂತ್ರೆವ್ವನಿಗೆ ಆಶೀರ್ವಾದ.

ನಿನ್ನಿಂದ ಕಾಗದವಿಲ್ಲ. ಸುಶೀಲವ್ವ ಅವಿರೋಧವಾಗಿ ಬಂದ ಸುದ್ದಿ ತಹಶೀಲ್ದಾರರಿಂದ ತಿಳಿಯಬೇಕಾಯಿತು. ನಿನ್ನೆ ಸಂಶಿಯಲ್ಲಿ ಜಿಲ್ಲಾ ಪರಿಷತ್ತಿನ ಪ್ರಚಾರಸಭೆ ಇತ್ತು. ಕರೆಕಟ್ಟಿಯ ಕೆಳಗಿನ ಓಣಿಯಿಂದ ಒಬ್ಬರೂ ಬಂದು ಕೂಡಲಿಲ್ಲ. ಬಂದ ಹುಡುಗರು ಕೂಡಲಿಕ್ಕೆ ಬಂದವರಲ್ಲ, ಕಪ್ಪು ಬಟ್ಟೆ ತೋರಿಸಲು ಬಂದವರು. ನನ್ನ ಪಕ್ಷದ ಹುಡುಗರು, ನಾನೇ ಸದಸ್ಯತ್ವದ ಚೀಟಿ ಕೊಟ್ಟವರು, ನನ್ನ ಜೀಪಿನ ಮುಂದೆ ಅಡ್ಡ ಮಲಗಿದರು. ಪೋಲೀಸರು ಲಾಠಿ ಎತ್ತಿದಾಗ ನಾನೇ ಇಳಿದು ಬೇಡವೆಂದೆ. ಅದನ್ನು ಯಾರೂ ನಿನಗೆ ಹೇಳಿರಲಿಕ್ಕಿಲ್ಲ.

ನಾನು ಮಾಡಿದ ತಪ್ಪಾದರೂ ಏನು? ಈರಪ್ಪನಿಗೆ ಟಿಕೆಟ್ ಸಿಕ್ಕದ್ದೇ? ಅವನು ಕುಬೇರಪ್ಪನವರ ಮಗನೆನ್ನುವುದು ಅವನ ತಪ್ಪಲ್ಲ. ಬಿ.ಎ. ಓದಿದ್ದಾನೆ, ಸಭ್ಯ. ಪಕ್ಷಕ್ಕೆ ಗೆಲ್ಲುವವರು ಬೇಕು, ತಂಗೆವ್ವಾ. ನಿಮಗೆ ಎಲ್ಲವೂ ಈಗಲೇ ಬೇಕು, ಇಡಿಯಾಗಿಯೇ ಬೇಕು. ಅರ್ಧ ಕೊಟ್ಟವನು ನಿಮಗೆ ವೈರಿ, ಏನೂ ಕೊಡದವನ ಮುಂದೆ ಮಾತ್ರ ಸುಮ್ಮನಿರುತ್ತೀರಿ. ಈ ಹುಡುಗರ ಹಿಂದೆ ನೀನಿದ್ದೀ ಎಂದು ಜನ ಹೇಳುತ್ತಾರೆ. ನಾನು ನಂಬಿಲ್ಲ. ನಂಬಬೇಕೋ ಬೇಡವೋ ನೀನೇ ಬರೆ.

ಶಂಭುಲಿಂಗಪ್ಪ


ಕರೆಕಟ್ಟಿ
೯ ಜನವರಿ ೧೯೮೭

ಶಾಸಕರಿಗೆ ಸಾವಂತ್ರೆವ್ವನ ನಮಸ್ಕಾರ.

ನಂಬಿರಿ. ಕಪ್ಪು ಬಟ್ಟೆ ನನ್ನ ಸೀರೆಯದು, ಹರಿದು ಕೊಟ್ಟವಳು ನಾನೇ.

ಸಭೆ ಮುಗಿಸಿ ನೀವು ಹೋದ ವಾರವೇ ನಾನು, ಬೀರಲಿಂಗಪ್ಪ ಗೌಡರ ಮನೆಗೆ ಹೋದೆವು. ಪೈಪಿಗೆ ಹಿತ್ತಲಿನಲ್ಲಿ ಯಾವಾಗ ಅಗೆಯಲಿ ಎಂದು ವಿನಯದಿಂದಲೇ ಕೇಳಿದೆವು. ಹಿತ್ತಲಿನ ನೆಲದಡಿ ಹಗೇವು ಇದೆ, ಅದರಲ್ಲಿ ಜೋಳ ತುಂಬಿದೆ, ನೀರು ಸೋರಿದರೆ ಕಾಳು ಕೆಡುತ್ತದೆ, ಈಗ ಆಗುವುದಿಲ್ಲ ಎಂದರು. ಗುಡಿಯ ಮುಂದೆ ಮಾತು ಕೊಟ್ಟಿರಲ್ಲ ಎಂದು ಬೀರಲಿಂಗಪ್ಪ ನೆನಪು ಮಾಡಿದ. ಅದಕ್ಕೆ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನಾ ಒಂದ ಮಾತು ಅಂದಿದ್ದೆ, ಅಷ್ಟ. ಮುಟ್ಟಿದಾಂವ ನಾನಲ್ಲ."

ಮಂಡಲದ ಸ್ಥಾನಕ್ಕೆ ಅರ್ಜಿ ಹಾಕಲು ಆಗ ಇನ್ನೂ ದಿನಗಳಿದ್ದವು. ಹುಡುಗರು ಅರ್ಜಿ ತುಂಬಿಕೊಂಡು ಮನೆಗೆ ಬಂದರು. ಸಹಿ ಮಾಡಕ್ಕಾ, ಅವರೇ ತಪ್ಪಿದ ಮೇಲ ನಮಗೇನು ಕಟ್ಟು ಎಂದರು. ನಾನು ಮಾಡಲಿಲ್ಲ. ನಿಮಗೆ ಭಂಡಾರವೆಂದರೆ ತಾಟಿನಲ್ಲಿಯ ಅರಿಶಿನ ಪುಡಿ. ನಮಗೆ ಬೀರಪ್ಪ. ಅದನ್ನು ಮುಟ್ಟಿ ಆಡಿದ ಮಾತಿಗೆ ತಪ್ಪಿದವರ ಮನೆಯಲ್ಲಿ ನಮ್ಮ ಜನ ನೀರು ಕುಡಿಯುವುದಿಲ್ಲ. ಎದುರಿನವನು ತಪ್ಪಿದ ಎಂಬ ಸಬೂಬು ಅಲ್ಲಿ ನಡೆಯುವುದಿಲ್ಲ. ಆ ಹುಡುಗರಲ್ಲಿ ಬಸಣ್ಣ ಸಿಟ್ಟಿನಿಂದ ಅರ್ಜಿಯನ್ನು ನನ್ನ ಮುಂದೆಯೇ ಹರಿದು ಹೋದ. ಅರ್ಜಿ ಹಾಕುವ ಕೊನೆಯ ದಿನ ನಾನು ಕೊಡ ಹೊತ್ತುಕೊಂಡು ನಳದ ಕಟ್ಟೆಯ ಕೆಳಗೆ ನಿಂತಿದ್ದೆ. ಪಾಳಿ ಬರಲಿಲ್ಲ.

ಆ ಭಾನುವಾರವನ್ನು ನೀವು ಕಾಗದದಲ್ಲಿ ಬರೆದಿರಿ. ಒಂದನ್ನು ಬಿಟ್ಟಿರಿ. ಪೂಜಾರಿ ತಾಟು ತಂದಾಗ ಮೊದಲು ನಮ್ಮ ಮುಂದೆ ಹಿಡಿಯಲು ನೀವೇ ಹೇಳಿದಿರಿ. ನಾನು ಮುಟ್ಟಿದೆ, ಅತ್ತೆ ಮುಟ್ಟಿದಳು, ಬೀರಲಿಂಗಪ್ಪ ಮುಟ್ಟಿದ. ಅವನು ತಾಟನ್ನು ಗೌಡರ ಕಡೆ ತೋರಿಸಿ, "ಗೌಡ್ರೂ ಮುಟ್ಟಲಿ" ಎಂದ. ಆಗ ನೀವು ನಕ್ಕು ಹೇಳಿದಿರಿ, "ಗೌಡ್ರ ಮಾತಂದ್ರ ಮಾತು. ಅವರಿಗ್ಯಾಕ ಭಂಡಾರ?" ಮೇಲಿನ ಓಣಿಯವರೆಲ್ಲ ನಕ್ಕರು. ಪೂಜಾರಿ ತಾಟು ಒಳಗೆ ಒಯ್ದ. ನನ್ನ ಕಣ್ಣಲ್ಲಿ ನೀರು ಬಂದದ್ದು ಆಗ. ಊರು ಕೂಡಿತೆಂದಲ್ಲ. ಅವರ ಬರೀ ಬಾಯಿಮಾತು ಸಾಕು, ನಮ್ಮದಕ್ಕೆ ದೇವರ ಜಾಮೀನು ಬೇಕು ಎಂದು ನಮ್ಮ ಅಣ್ಣನೇ ಹೇಳಿದನಲ್ಲ ಎಂದು ಬಂತು.

ಮೆಣಸಿನಕಾಯಿ ಮಾತು. ನನ್ನ ಹೆಸರು ಬಂದ ದಿನದಿಂದ ಗೌಡರು ನಮ್ಮ ಓಣಿಯ ಹೆಂಗಸರನ್ನು ಕೆಲಸಕ್ಕೆ ಕರೆದಿಲ್ಲ. ನಿಮ್ಮ ಬೀಗರ ಮೇಲೆ ಚಾಡಿ ಹೇಳಿದಂತಾಗುತ್ತದೆಂದು ಬರೆದಿರಲಿಲ್ಲ. ಅದನ್ನು ನೀವು ಪ್ರಚಾರಕ್ಕೆ ಬಿಡುವು ಎಂದು ಓದಿದಿರಿ.

ಸುಶೀಲವ್ವ ಮೊನ್ನೆ ಹಿತ್ತಲ ಬಾಗಿಲಿನಿಂದ ಬಂದಿದ್ದಳು. "ಹಾರ ನಮ್ಮ ಮನಿಯವರ ಕೊಳ್ಳಾಗ ಬಿತ್ತು, ನನಗ ಸಹಿ ಮಾಡೂದಷ್ಟ ಬಂತು" ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಬೀರಲಿಂಗಪ್ಪ ಈರಪ್ಪನ ಎದುರು ಜಿಲ್ಲಾ ಪರಿಷತ್ತಿಗೆ ನಿಂತಿದ್ದಾನೆ. ನಾವು ಭಂಡಾರ ಮುಟ್ಟಿದ್ದು ಮಂಡಲದ ಸ್ಥಾನಕ್ಕೆ. ಇದಕ್ಕಲ್ಲ.

ಸಾವಂತ್ರೆವ್ವ


ಅಣ್ಣಿಗೇರಿ
೧೪ ಜನವರಿ ೧೯೮೭

ಸಾವಂತ್ರೆವ್ವನಿಗೆ.

ನಗುತ್ತ ಆಡಿದ ಒಂದು ಮಾತನ್ನು ನೀನು ಇಷ್ಟು ದೊಡ್ಡದು ಮಾಡುತ್ತೀ ಎಂದುಕೊಂಡಿರಲಿಲ್ಲ. ದೇವರು ನಿಮ್ಮವನು, ಗುಡಿ ನಿಮ್ಮದು. ಅಲ್ಲಿ ಸಭೆ ಮಾಡಿರಿ ಎಂದವಳೂ ನೀನೇ. ಹೆಣ್ಣು ಕೊಟ್ಟ ಬೀಗರು, ವಯಸ್ಸಿನಲ್ಲಿ ನನಗಿಂತ ಹಿರಿಯರು, ಅಷ್ಟು ಜನರ ಮುಂದೆ ಅವರಿಗೆ ತಾಟು ಹಿಡಿದು ಮುಟ್ಟು ಎನ್ನುವುದು ಹೇಗೆ? ಹಾಗೆ ಮಾಡಿದ್ದರೆ ಅವರು ಅಲ್ಲಿಂದಲೇ ಎದ್ದು ಹೋಗುತ್ತಿದ್ದರು. ಇರುವ ಮಾತೂ ಮುರಿಯುತ್ತಿತ್ತು. ನೀವು ನಮ್ಮವರು, ನಿಮಗೆ ಹೇಳಬಹುದು ಎಂಬ ಸಲಿಗೆಯಿಂದ ನಿಮಗೆ ಹೇಳಿದೆ. ಆ ಸಲಿಗೆಯೇ ಈಗ ಅಪರಾಧವಾಯಿತು.

ಪೈಪಿನ ವಿಷಯ ಬೀಗರಿಗೆ ನಾನು ಹೇಳುತ್ತೇನೆ. ಸುಗ್ಗಿ ಮುಗಿಯಲಿ, ಹಗೇವು ಖಾಲಿಯಾಗಲಿ. ಅಷ್ಟರೊಳಗೆ ನೀನು ಬೀರಲಿಂಗಪ್ಪನಿಗೆ ಹೇಳಿ ಪ್ರಚಾರ ನಿಲ್ಲಿಸು. ಮತ ಒಡೆದರೆ ಆಚೆ ಪಕ್ಷದವರು ಬರುತ್ತಾರೆ. ಅವರು ಬಂದರೆ ಹೆಂಗಸರ ಸ್ಥಾನ, ನಳ, ಯಾವುದೂ ಉಳಿಯುವುದಿಲ್ಲ. ಇದು ಬೆದರಿಕೆಯಲ್ಲ, ಕೈ ಮುಗಿದು ಹೇಳುತ್ತಿದ್ದೇನೆ.

ಶಂಭುಲಿಂಗಪ್ಪ


ಬೆಂಗಳೂರು
೬ ಫೆಬ್ರವರಿ ೧೯೮೭

ಸಾವಂತ್ರೆವ್ವನಿಗೆ ಆಶೀರ್ವಾದ.

ಹಿಂದಿನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ, ಮತಪೆಟ್ಟಿಗೆ ಬರೆಯಿತು. ಈರಪ್ಪ ಸೋತ. ಬೀರಲಿಂಗಪ್ಪ ಮೂರನೆಯವನಾಗಿ ನಿಂತ. ಗೆದ್ದವರು ಯಾರು? ಕೂಲಿಕಾರರ ಹೆಸರೆತ್ತಿದರೆ ಮೂಗು ಮುರಿಯುವ ಆಚೆ ಪಕ್ಷದ ವ್ಯಾಪಾರಿ. ನಿಮ್ಮ ಸಿಟ್ಟಿನ ಬೆಳೆಯನ್ನು ಅವನು ಒಯ್ದ. ಹುಡುಗರು ಅವತ್ತು ಪಟಾಕಿ ಹಾರಿಸಿದರಂತೆ. ತಮ್ಮ ಮನೆಗೆ ತಾವೇ ಬೆಂಕಿ ಹಚ್ಚಿ ಬೆಳಕು ಎಷ್ಟು ಚೆಂದ ಎಂದು ನೋಡುವವರಿಗೆ ನಾನೇನು ಹೇಳಲಿ.

ಇಲ್ಲಿ ಪಕ್ಷದ ದೊಡ್ಡವರು ನನ್ನನ್ನು ಕರೆಸಿ ಕೇಳಿದರು. ನಿಮ್ಮ ಕಾರ್ಯಕರ್ತರೇ ನಿಮ್ಮನ್ನು ಬಿಟ್ಟರೆ ನೀವು ಯಾರ ಶಾಸಕರು ಎಂದರು. ಅತ್ತ ಕುಬೇರಪ್ಪನವರು ಮಗ ಸೋತದ್ದಕ್ಕೆ ನನ್ನ ಮೇಲೆ ಬುಸುಗುಡುತ್ತಿದ್ದಾರೆ, ನಾನು ಒಳಗಿಂದ ನಿಮ್ಮ ಕಡೆ ಇದ್ದೆನಂತೆ. ನನಗೆ ಸಾಕಾಗಿದೆ, ತಂಗೆವ್ವಾ. ಇಬ್ಬರಿಗೂ ಒಳ್ಳೆಯದಾಗಲಿ ಎಂದು ಹೊರಟವನಿಗೆ ಕೂಡಲು ಒಂದು ಕಟ್ಟೆಯೂ ಉಳಿಯಲಿಲ್ಲ.

ಆದದ್ದು ಆಯಿತು. ನೀವು ಪಕ್ಷಕ್ಕೆ ಮರಳಿ ಬನ್ನಿರಿ. ಮಳೆಗಾಲದೊಳಗೆ ಪೈಪು ಹಾಕಿಸುತ್ತೇನೆ. ಬೇಕಾದರೆ ನನ್ನ ಶಾಸಕರ ಕಾಗದದ ಮೇಲೆ ಮೊಹರು ಹಾಕಿ ಬರೆದು ಕೊಡುತ್ತೇನೆ.

ಶಂಭುಲಿಂಗಪ್ಪ


ಕರೆಕಟ್ಟಿ
೧೪ ಫೆಬ್ರವರಿ ೧೯೮೭

ಅಣ್ಣನವರಿಗೆ ಸಾವಂತ್ರೆವ್ವನ ನಮಸ್ಕಾರ.

ಪಟಾಕಿ ಹಾರಿಸಿದ್ದು ನಿಜ. ಬೆಳಿಗ್ಗೆ ಎದ್ದು ಪಶ್ಚಾತ್ತಾಪಪಟ್ಟದ್ದೂ ನಿಜ. ಆಚೆ ಪಕ್ಷದವನು ನಮ್ಮ ಓಣಿಗೆ ಬರುವುದಿಲ್ಲ ಎಂದು ನಮಗೂ ಗೊತ್ತಿದೆ. ನಿಮ್ಮನ್ನು ಸೋಲಿಸಿ ನಾವು ಗೆದ್ದೆವೆಂದು ಯಾರೂ ತಿಳಿದಿಲ್ಲ. ಅತ್ತೆ ಮೂರು ದಿನ ನನ್ನ ಮೇಲೆ ಸಿಟ್ಟಾಗಿದ್ದಳು. "ಏನಾರ ಆಗಲಿ, ನಮ್ಮ ಮನ್ಯಾಗ ಚಹ ಕುಡದಾಂವ" ಎಂದು ನಿಮ್ಮ ಪರವಾಗಿಯೇ ಮಾತಾಡಿದಳು.

ನಿಮ್ಮ ಕಾಗದವನ್ನು ಓಣಿಯಲ್ಲಿ ಓದಿದೆ. ಬೀರಲಿಂಗಪ್ಪ, ಬಸಣ್ಣ, ಎಲ್ಲರೂ ಇದ್ದರು. ಬಹಳ ಹೊತ್ತು ಜಗಳವಾಗಿ ಕಡೆಗೆ ಒಂದು ಮಾತಿಗೆ ಬಂದೆವು. ಮೊಹರಿನ ಕಾಗದ ಬೇಡ. ನೀವು ನಮ್ಮ ಬೀರಪ್ಪನ ಗುಡಿಗೆ ಬನ್ನಿರಿ. ಸಭೆ ಬೇಡ, ಭಾಷಣ ಬೇಡ, ಮೇಲಿನ ಓಣಿಯವರನ್ನು ಕರೆಯುವುದೂ ಬೇಡ. ಮಳೆಗಾಲದೊಳಗೆ ಪೈಪು ತರುತ್ತೇನೆ, ಗೌಡರು ಒಪ್ಪದಿದ್ದರೆ ಕಾಯ್ದೆ ಹಿಡಿದು ತರುತ್ತೇನೆ ಎಂದು ಹೇಳಿ ಭಂಡಾರ ಮುಟ್ಟಿರಿ. ಅಷ್ಟೇ. ನಾವು ಮುಟ್ಟಿದಂತೆಯೇ ನೀವೂ ಮುಟ್ಟಿದರೆ ಆ ದಿನವೇ ನಾವೆಲ್ಲ ಪಕ್ಷಕ್ಕೆ ಮರಳುತ್ತೇವೆ. ಬೀರಲಿಂಗಪ್ಪ ನಿಮ್ಮ ಜೀಪಿನ ಮುಂದೆ ಮಲಗಿದ್ದಕ್ಕೆ ನಿಮ್ಮ ಕಾಲು ಮುಟ್ಟಿ ನಮಸ್ಕರಿಸುತ್ತೇನೆ ಎಂದಿದ್ದಾನೆ. ಮುಂದಿನ ಸಲ ನಿಮಗಾಗಿ ಊರೂರು ತಿರುಗುತ್ತೇವೆ.

ನಿಮ್ಮನ್ನು ಪರೀಕ್ಷೆ ಮಾಡಬೇಕೆಂದು ಇದನ್ನು ಬರೆಯುತ್ತಿಲ್ಲ. ನನಗೆ ನೀವು ಬೇಕು. ನಿಮ್ಮಂಥವರು ನಮ್ಮ ಕಡೆ ಇಲ್ಲದಿದ್ದರೆ ನಾವು ಎಷ್ಟು ಕೂಗಿದರೂ ಬೆಂಗಳೂರಿಗೆ ಕೇಳಿಸುವುದಿಲ್ಲ ಎಂಬುದು ನನಗೆ ಗೊತ್ತು. ದಯವಿಟ್ಟು ಬನ್ನಿರಿ.

ನಿಮ್ಮ ತಂಗಿ
ಸಾವಂತ್ರೆವ್ವ


ಅಣ್ಣಿಗೇರಿ
೨೫ ಫೆಬ್ರವರಿ ೧೯೮೭

ಚಿ. ಸೌ. ಸಾವಂತ್ರೆವ್ವನಿಗೆ ಆಶೀರ್ವಾದ.

ನಿನ್ನ ಕಾಗದ ಬಂದಾಗಿನಿಂದ ಎರಡು ಸಲ ಹೊರಟೆ. ಒಮ್ಮೆ ಕುಂದಗೋಳದಿಂದ ಹಿಂತಿರುಗಿದೆ. ಮೊನ್ನೆ ಸಂಶಿಯವರೆಗೆ ಬಂದೆ. ಡ್ರೈವರ್ ಕರೆಕಟ್ಟಿಯ ದಾರಿಗೆ ಜೀಪು ಹೊರಳಿಸಿದ್ದ. ನಾನೇ ನಿಲ್ಲಿಸು ಎಂದೆ. ಅಲ್ಲೇ ರಸ್ತೆಯ ಬದಿಗೆ ಸ್ವಲ್ಪ ಹೊತ್ತು ಕೂತು ವಾಪಸಾದೆ. ಮೂವತ್ತು ವರ್ಷ ರಾಜಕಾರಣ ಮಾಡಿದವನು ಒಂದು ತಾಟು ಅರಿಶಿನಕ್ಕೆ ಹೀಗೆ ಅಂಜಿದೆನೆಂದು ಯಾರಿಗಾದರೂ ಹೇಳಿದರೆ ನಕ್ಕಾರು.

ನೀನು ನೆಟ್ಟಗೆ ಬರೆದಿದ್ದೀ, ನಾನೂ ನೆಟ್ಟಗೆ ಬರೆಯುತ್ತೇನೆ. ಪೈಪು ತರಬೇಕೆಂಬ ಮನಸ್ಸು ನನಗಿದೆ. ಆದರೆ ಕಾಯ್ದೆ ಹಿಡಿದು ಬೀಗರ ಹಿತ್ತಲು ಅಗೆಸಿದರೆ ಮೇಲಿನ ಓಣಿ ಪೂರ್ತಿ ಕೈಬಿಟ್ಟುಹೋಗುತ್ತದೆ, ಕರೆಕಟ್ಟಿಯದಷ್ಟೇ ಅಲ್ಲ, ಸುತ್ತಲಿನ ಊರುಗಳದೂ. ಹೇಳಿ ನೋಡುತ್ತೇನೆ, ಒಲಿಸಿ ನೋಡುತ್ತೇನೆ, ಆಗಬಹುದು, ಆಗದೆಯೂ ಇರಬಹುದು. ಕಾಗದದ ಮೇಲೆ ಬರೆದುಕೊಟ್ಟರೆ ನಾಳೆ ಅನುಕೂಲ ನೋಡಿ ನಡೆಯಬಹುದು. ಭಂಡಾರ ಮುಟ್ಟಿದರೆ ನಡೆಸಲೇಬೇಕಾಗುತ್ತದೆ, ತಂಗೆವ್ವಾ. ಅಷ್ಟು ಗಟ್ಟಿಯಾಗಿ ಮಾತು ಕೊಡಲು ನನ್ನಿಂದಾಗುವುದಿಲ್ಲ.

ಬೈಯುವುದಿದ್ದರೆ ಬೈ. ಸುಮ್ಮನಿರಬೇಡ.

ಶಂಭುಲಿಂಗಪ್ಪ


ಕರೆಕಟ್ಟಿ
೪ ಮಾರ್ಚ್ ೧೯೮೭

ಶಾಸಕರಿಗೆ ನಮಸ್ಕಾರ.

ಇಷ್ಟು ದಿನ ನನ್ನ ಮೇಲಿದ್ದ ಪಕ್ಷದ ಮಹಿಳಾ ವಿಭಾಗದ ಜವಾಬುದಾರಿ ಇನ್ನು ಬೇಡವೆಂದು ತಾಲೂಕು ಸಮಿತಿಗೆ ಬರೆದಿದ್ದೇನೆ. ಬೀರಲಿಂಗಪ್ಪ, ಬಸಣ್ಣ ಮತ್ತು ಉಳಿದವರ ಸದಸ್ಯತ್ವದ ಚೀಟಿಗಳನ್ನೂ ಕೂಡಿಸಿ ಅಲ್ಲಿಗೇ ಕಳಿಸಿದ್ದೇವೆ. ನಮ್ಮ ಮನೆಯವರು ಕುರಿ ಹೊಡೆದುಕೊಂಡು ಊರಿಗೆ ಬಂದಿದ್ದಾರೆ. ನಳ ಮೊದಲು ಎಲ್ಲಿತ್ತೋ ಅಲ್ಲೇ ಇದೆ.

ನಿಮ್ಮ ಕಾಗದವನ್ನು ಈ ಸಲ ಓಣಿಯಲ್ಲಿ ಓದಲಿಲ್ಲ. ಹುಡುಗರು ನಗುತ್ತಾರೆಂದಲ್ಲ. ಅತ್ತೆಗೆ ನೋವಾಗುತ್ತದೆಂದು ಓದಲಿಲ್ಲ. ನಿಮ್ಮನ್ನು ಬೈಯಬೇಕೆಂದು ಕೂತೆ, ಬೈಗುಳ ಬರಲಿಲ್ಲ. ನೀವು ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ಮುಟ್ಟಿದರೆ ನಡೆಸಲೇಬೇಕಾಗುತ್ತದೆ, ಕೈಲಾಗದವರು ಮುಟ್ಟಬಾರದು.

ಆ ಭಾನುವಾರ ಪೂಜಾರಿ ತಾಟು ತಂದಾಗ ಇಷ್ಟನ್ನೇ ನನ್ನ ಕಿವಿಯಲ್ಲಿ ಹೇಳಿದ್ದರೆ ನಾನೂ ಮುಟ್ಟುತ್ತಿರಲಿಲ್ಲ.

ಸಾವಂತ್ರೆವ್ವ